5 ಟ್ಯಾಬ್, 28 ಮಕ್ಕಳು: ಪ್ರಾಥಮಿಕ ಸಾಲ್ಯಾಗ ಸ್ಕ್ರ್ಯಾಚ್ ಜೂನಿಯರ್ ಕಲಿಸೋದು ಹೆಂಗ?

ಕಪ್ಪತಗುಡ್ಡದ ಗಾಳಿ

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 3ರಿಂದ 5ನೇ ತರಗತಿ ಸೇರಿ 28 ಮಕ್ಕಳು. ಹಳೆಯ ವಿದ್ಯಾರ್ಥಿಗಳು 8 ಇಂಚಿನ 5 ಆಂಡ್ರಾಯ್ಡ್ ಟ್ಯಾಬ್ ಕೊಟ್ಟಿದ್ದಾರೆ. ಆಫೀಸಿನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ, ವಿಂಡೋಸ್ 7. ಇಂಟರ್ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್ ಒಂದೇ. ಶನಿವಾರ ಮುಂಜಾನೆ ಶಾಲೆಯಲ್ಲಿ ಕೊನೆಯ ಎರಡು ಪಿರಿಯಡ್ ಸೇರಿಸಿದರೆ 80 ನಿಮಿಷ ಸಿಗುತ್ತದೆ, ಹೀಗೆ 10 ಶನಿವಾರ.

ಕೇಳಬೇಕಾದದ್ದು ಇಷ್ಟು. ಮಕ್ಕಳಿಗೆ ಕೋಡಿಂಗ್ ಕಲಿಸಲು ಯಾವ ಆಪ್ ಹಾಕಬೇಕು? ಇಂಗ್ಲಿಷ್ ಓದಲು ಬಾರದ ಮಕ್ಕಳೇ ಹೆಚ್ಚು, ಅವರಿಗೆ ಹೇಗೆ? 5 ಟ್ಯಾಬಿನಲ್ಲಿ 28 ಮಕ್ಕಳನ್ನು ಹೇಗೆ ಕೂಡಿಸಬೇಕು? ಯಾವುದರ ನಂತರ ಯಾವುದು ಕಲಿಸಬೇಕು? ಎಲ್ಲಿ ಎಡವುತ್ತಾರೆ ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಆಟ ಆಡಿ ಎದ್ದು ಹೋಗುವ ಪಿರಿಯಡ್ ಆಗಬಾರದು, ಅದೊಂದೇ ಕಾಳಜಿ.

ನವಲೂರ ಪೇರಲ

ಅಕ್ಕೋರ, ಟ್ಯಾಬಿನ ಕಡೆಯಿಂದ ಹೇಳ್ತೀನ್ರಿ. ಕಲಿಸೋದರ ಬಗ್ಗೆ ಇಲ್ಲೇ ನನಗಿಂತ ತಿಳಿದವರು ಅದಾರ.

8 ಇಂಚು ಅದಾವ ಅಂದ್ರ ಸ್ಕ್ರ್ಯಾಚ್ ಜೂನಿಯರ್ ಹಾಕ್ರಿ, ಬ್ಯಾರೆ ಹುಡುಕಬ್ಯಾಡ್ರಿ. ಬ್ಲಾಕ್ ಅನ್ನೋ ಚಿತ್ರದ ತುಂಡು ಸಾಲಾಗಿ ಜೋಡಿಸಿ ಪರದೆ ಮ್ಯಾಲಿನ ಬೆಕ್ಕನ್ನ ನಡೆಸೋ ಕೋಡಿಂಗ್ ಆಪ್ ಅದು. ಪುಕ್ಕಟೆ, ಜಾಹೀರಾತಿಲ್ಲ, ಹುಡುಗರ ಹೆಸರಿನ ಮ್ಯಾಲೆ ಅಕೌಂಟ್ ತೆಗಿಯೋ ಕೆಲಸ ಇಲ್ಲ. ಒಮ್ಮೆ ಇಳಿಸಿಕೊಂಡ್ರ ಮುಂದ ಇಂಟರ್ನೆಟ್ ಬೇಕಾಗೂದಿಲ್ಲ. ಎಂಐಟಿ ಮೀಡಿಯಾ ಲ್ಯಾಬ್, ಟಫ್ಟ್ಸ್ ವಿಶ್ವವಿದ್ಯಾಲಯ, ಪ್ಲೇಫುಲ್ ಇನ್ವೆನ್ಷನ್ ಕಂಪನಿ ಕೂಡಿ 2014ರಾಗ ಐಪ್ಯಾಡಿಗೆ ತಂದ್ರು, 2015ರಾಗ ಆಂಡ್ರಾಯ್ಡಿಗೆ ಬಂತು. 5ರಿಂದ 7 ವರ್ಷದವರಿಗೆ ಅಂತ ಮಾಡ್ಯಾರ, ಆದ್ರ ಮೊದಲ ಸಲ ಕೈ ಹಚ್ಚೋ 3ನೇತ್ತೆ, 4ನೇತ್ತೆ ಹುಡುಗರಿಗೂ ಇದೇ ಸರಿ. ಬ್ಲಾಕಿನ ಮ್ಯಾಲೆ ಅಕ್ಷರ ಇಲ್ಲ, ಬರೇ ಚಿತ್ರ. ಬಲಕ್ಕ ಬಾಣ ಇದ್ರ ಬಲಕ್ಕ ಹೋಗತದ. ಹಂಗಾಗಿ ಇಂಗ್ಲಿಷಿನ ತೊಡಕು ಇಲ್ಲೇ ಬರೂದಿಲ್ಲ. ಮಾತಾಡೋ ಬ್ಲಾಕಿನ್ಯಾಗ ಟ್ಯಾಬಿನ ಕನ್ನಡ ಕೀಬೋರ್ಡಿನಿಂದಲೇ ಬರೀಬಹುದು.

ತರಗತಿಗೆ ಒಯ್ಯೋ ಮೊದಲು ಐದೂ ಟ್ಯಾಬಿಗೆ ಇಷ್ಟು ಮಾಡ್ರಿ.

ಸ್ಕ್ರೀನ್ ಆರೋ ಹೊತ್ತು 30 ಸೆಕೆಂಡ್ ಇದ್ದರ 10 ನಿಮಿಷಕ್ಕ ಇಡ್ರಿ. ಇದನ್ನ ಮರೆತ್ರ ಅರ್ಧ ಪಿರಿಯಡ್ ಟ್ಯಾಬ್ ಎಬ್ಬಿಸೋದರಾಗ ಹೋಗತದ. ಪ್ಲೇ ಸ್ಟೋರಿನ ತಾನಾಗೇ ಅಪ್‌ಡೇಟ್ ಆಗೋದನ್ನ ಬಂದ್ ಮಾಡ್ರಿ, ಇಲ್ಲಾಂದ್ರ ಹಾಟ್‌ಸ್ಪಾಟ್ ಹಚ್ಚಿದ ಕೂಡ್ಲೇ ನಿಮ್ಮ ಡೇಟಾ ಅಲ್ಲೇ ಮುಗೀತದ. ಸೆಟ್ಟಿಂಗ್ಸಿನ ಸೆಕ್ಯೂರಿಟಿ ಒಳಗ ಆಪ್ ಪಿನ್ ಮಾಡೋ ಸವಲತ್ತು ಇದ್ದರ ಹಚ್ಚಿ ಇಡ್ರಿ, ಆಗ ಹುಡುಗರು ಹೊರಗ ಹೋಗಿ ವಿಡಿಯೊ ತೆರಿಯೂದಿಲ್ಲ.

ಮೈಕ್, ಕ್ಯಾಮೆರಾ ಅನುಮತಿ ನೀವೇ ಕೊಟ್ಟುಬಿಡ್ರಿ. ಮೊದಲ ಸಲ ಕೇಳಿದಾಗ ಹುಡುಗ ಬ್ಯಾಡ ಅಂತ ಒತ್ತಿಬಿಟ್ರ ಧ್ವನಿ ರೆಕಾರ್ಡ್ ಆಗೂದೇ ಇಲ್ಲ, ಆಪ್ ಕೆಟ್ಟದ ಅಂತ ತಿಳಕೋತೀವಿ. ಹಂಗಾದ್ರ ಸೆಟ್ಟಿಂಗ್ಸಿನ್ಯಾಗ ಹೋಗಿ ಆ ಆಪಿನ ಅನುಮತಿ ತೆರೀಬೇಕು.

ಎಲ್ಲಕ್ಕಿಂತ ಮುಖ್ಯ ಇದು: ಮಾಡಿದ ಕೆಲಸ ಆ ಟ್ಯಾಬಿನ ಒಳಗ ಮಾತ್ರ ಇರತದ. ಆಪ್ ಅಳಿಸಿದ್ರ ಎಲ್ಲಾ ಹೋತು. ಅದಕ್ಕ ಹಿಂದ 1ರಿಂದ 5 ನಂಬರ್ ಚೀಟಿ ಹಚ್ಚಿ, ಯಾವ ಜೋಡಿಗೆ ಯಾವ ನಂಬರ್ ಅಂತ ಹಾಜರಿ ಪುಸ್ತಕದ ಹಿಂದ ಬರಕೊಳ್ರಿ. ಎದ್ದೇಳೋ ಮೊದಲು ಎಡಕ್ಕ ಮ್ಯಾಲಿನ ಮನಿ ಚಿತ್ರ ಒತ್ತಬೇಕು, ಅದನ್ನ ಒತ್ತಿದಾಗಲೇ ಉಳಿಯೋದು. ಹಂಗೇ ಟ್ಯಾಬ್ ಆರಿಸಿದ್ರ ಮುಂದಿನ ಶನಿವಾರ ಕೆಲಸ ಇರ್ತದ ಅಂತ ನಂಬಬ್ಯಾಡ್ರಿ. ಬಲಕ್ಕ ಮ್ಯಾಲಿನ ಹಳದಿ ಮೂಲಿ ಒತ್ತಿದ್ರ ಹೆಸರು ಬದಲಿಸಬಹುದು, ಜೋಡಿಯ ಹೆಸರು ಹಾಕಸ್ರಿ.

ರಜಾದಾಗ ಪೂರ್ತಿ ಚಾರ್ಜ್ ಮಾಡಿ ಕಪಾಟಿನ್ಯಾಗ ಇಡಬ್ಯಾಡ್ರಿ, ಖಾಲಿ ಮಾಡಿನೂ ಇಡಬ್ಯಾಡ್ರಿ. ಅರ್ಧ ಚಾರ್ಜ್ ಇಟ್ಟು ತಂಪು ಜಾಗದಾಗ ಇಡ್ರಿ. ತಗಡಿನ ಕೋಣಿ ಬ್ಯಾಡೇ ಬ್ಯಾಡ, ಬ್ಯಾಟರಿ ಉಬ್ಬತದ.

ಏಲಕ್ಕಿ ಹಾರ

ಮೊದಲನೇ ಎರಡು ಶನಿವಾರ ಟ್ಯಾಬ್ ಹೊರಗ ತೆಗೀಬ್ಯಾಡ್ರಿ ಅಕ್ಕೋರ. ನೆಲದ ಮ್ಯಾಗ ಆಡಸ್ರಿ. ಟ್ಯಾಬ್ ಮುಟ್ಟಿದ ಹುಡುಗ ಬಟನ್ ಒತ್ತಿ ನೋಡತಾನ, ವಿಚಾರ ಮಾಡೂದಿಲ್ಲ. ನೆಲದ ಮ್ಯಾಗ ಒತ್ತಾಕ ಏನೂ ಇರೂದಿಲ್ಲ, ಹಿಂಗಾಗಿ ವಿಚಾರ ಮಾಡಲೇಬೇಕಾಗತೈತಿ.

ನಿಮ್ಮ ಕೋಣ್ಯಾಗ ಫರಸಿ ಹಾಸಿದ್ದರ ಗೆರಿ ಎಳಿಯೋ ಕೆಲಸನೂ ಇಲ್ಲ, ಒಂದು ಫರಸಿ ಒಂದು ಮನಿ. ಇಲ್ಲಾಂದ್ರ ಕುಂಟಾಬಿಲ್ಲಿಗೆ ಬರದಂಗ ಸುಣ್ಣದ ಕಡ್ಡೀಲೆ ಒಂದೂವರಿ ಫೂಟಿನ ಮನಿ, 5 ಸಾಲು 5 ಮನಿ ಬರೀರಿ. ಕಾರ್ಡಿಗೆ ಹಳೇ ಲಗ್ನಪತ್ರಿಕಿ ಭಾಳ ಚಲೋ, ದಪ್ಪ ಇರತಾವು, ಹಿಂದಿನ ಮಗ್ಗಲ ಬಿಳಿ ಇರತೈತಿ. ಒಂದು ಗುಂಪಿಗೆ ಬಲಬಾಣ 8, ಎಡಬಾಣ 6, ಮ್ಯಾಲೆ 6, ಕೆಳಗ 6, ಜಿಗಿ 2, ಹಸಿರು ಬಾವುಟ 1, ಕೆಂಪು ಮುಕ್ತಾಯ 1. ಅದರ ಜೋಡಿ 1ರಿಂದ 6 ಅಂಕಿ ಎರಡು ಸೆಟ್. ಬಣ್ಣ ಆಪಿನಂಗ ಇರಲಿ: ಶುರು ಮಾಡೂದು ಹಳದಿ, ನಡಿಯೂದು ನೀಲಿ, ಮತ್ತ ಮತ್ತ ಮಾಡೂದು ಕಿತ್ತಳಿ, ಮುಗಿಸೂದು ಕೆಂಪು. ಮುಂದ ಟ್ಯಾಬ್ ತೆಗದಾಗ ಗುರತು ಹಿಡಿತಾರ.

ಒಬ್ಬ ಕಾರ್ಡ್ ಜೋಡಸ್ತಾನ, ಎಡದಿಂದ ಬಲಕ್ಕ. ಒಬ್ಬ ನಡೀತಾನ. ಒಬ್ಬ ತಪ್ಪು ಹಿಡೀತಾನ. ನಡಿಯೋನಿಗೆ ಒಂದೇ ಕಾನೂನು: ಕಾರ್ಡಿನ್ಯಾಗ ಇದ್ದದ್ದನ್ನ ಅಷ್ಟೇ ಮಾಡಬೇಕು, ತನ್ನ ಬುದ್ಧಿ ಹಚ್ಚಬಾರದು. ಗ್ವಾಡಿಗೆ ಬಡಿತೈತಿ ಅಂತ ಗೊತ್ತಿದ್ರೂ ಗ್ವಾಡಿ ತನಕ ಹೋಗಿ ನಿಂದರಬೇಕು. ನೋಡೋ ಹುಡುಗರು "ಏ, ಎಡಕ್ಕ ಹೋಗೋ" ಅಂತ ಒದರತಾರ, ಅದಕ್ಕ ಅವಕಾಶ ಕೊಡಬ್ಯಾಡ್ರಿ. ಬದಲಿ ಮಾಡೂದು ಕಾರ್ಡ್, ಮನಷ್ಯಾನ್ನ ಅಲ್ಲ.

ಇಲ್ಲೇ ಒಂದು ಸೂಕ್ಷ್ಮ ಐತಿ, ಭಾಳ ಮಂದಿ ಎಡವತಾರ. ಸ್ಕ್ರ್ಯಾಚ್ ಜೂನಿಯರಿನ್ಯಾಗ ಬಲಬಾಣ ಅಂದ್ರ ಪರದೆಯ ಬಲಕ್ಕ. ಬೆಕ್ಕಿನ ಬಲಗೈ ಕಡೆ ಅಲ್ಲ. ತಿರುಗೋ ಬ್ಲಾಕ್ ಹಾಕಿ ಬೆಕ್ಕನ್ನ ತಲಿಕೆಳಗ ಮಾಡಿದ್ರೂ ಬಲಬಾಣ ಪರದೆಯ ಬಲಕ್ಕೇ ಒಯ್ಯತೈತಿ. ನೆಲದ ಆಟದಾಗ ಹುಡುಗ ಕರಿಹಲಗಿ ಕಡೆ ಬೆನ್ನು ಮಾಡಿದ್ರ ಅವನ ಬಲ ಎಡ ಆಗಿ ಗೊಂದಲ ಆಗತೈತಿ. ಹಿಂಗಾಗಿ ಮೊದಲ ವಾರ ನಾಲ್ಕೂ ಗ್ವಾಡಿಗೆ ಮ್ಯಾಲೆ, ಕೆಳಗ, ಎಡ, ಬಲ ಅಂತ ಚೀಟಿ ಹಚ್ರಿ. ನಡಿಯೋನು ಮುಖ ಕರಿಹಲಗಿ ಕಡೆನೇ ಇಟ್ಟು ಅಡ್ಡಡ್ಡ ಹೆಜ್ಜಿ ಹಾಕಲಿ. "ಎಡಕ್ಕ ತಿರುಗಿ ಎರಡು ಹೆಜ್ಜಿ ಹೋಗು" ಅನ್ನೋ ಆಟ ಕಂಪ್ಯೂಟರಿನ ದೊಡ್ಡ ಸ್ಕ್ರ್ಯಾಚಿಗೆ ಬೇಕಾಗೂದು, ಅದನ್ನ ಆಗ ಆಡಸ್ರಿ. ಎರಡನ್ನೂ ಒಮ್ಮೆಲೇ ಕಲಸಿದ್ರ ಹುಡುಗರು ಎರಡನ್ನೂ ಕೈಬಿಡತಾರ.

ಮತ್ತ ಮತ್ತ ಮಾಡೂದನ್ನ ಕಲಸಾಕ ಹಾರ ಪೋಣಸ್ರಿ. ಚೆಂಡು ಹೂವು, ಚೆಂಡು ಹೂವು, ಸೇವಂತಿಗಿ. ಇದನ್ನ 5 ಸಲ. ಮೊದಲು 15 ಕಾರ್ಡ್ ಸಾಲಾಗಿ ಇಡಸ್ರಿ, ಜಾಗ ಸಾಲೂದಿಲ್ಲ ಅಂತ ಹುಡುಗರೇ ಬ್ಯಾಸರ ಮಾಡಕೋತಾರ. ಆಮ್ಯಾಲೆ ದಾರದ ಒಂದು ಉಂಗುರದ ಒಳಗ 3 ಕಾರ್ಡ್ ಇಟ್ಟು ಹೊರಗ 5 ಅಂತ ಅಂಕಿ ಇಡ್ರಿ. ಸೇವಂತಿಗಿ ಕಾರ್ಡನ್ನ ಉಂಗುರದ ಹೊರಗ ಇಟ್ಟು "ಈಗ ಹಾರ ಹೆಂಗಾತು?" ಅಂತ ಕೇಳ್ರಿ. 10 ಚೆಂಡು ಹೂವು, ತುದಿಗೆ ಒಂದೇ ಸೇವಂತಿಗಿ. ಇಷ್ಟು ತಿಳಕೊಂಡ ಹುಡುಗ ಮುಂದ ಕಿತ್ತಳಿ ಬ್ಲಾಕಿನ್ಯಾಗ ತಪ್ಪೂದು ಕಡಿಮಿ.

ಚಿಗರಿ ಕಂಡಕ್ಟರ್

ಮೇಲಿನ ಎರಡೂ ಉತ್ತರಗಳ ಮುಂದಿನ ಭಾಗ ಬರೆಯುತ್ತೇನೆ.

ಕೂಡಿಸುವುದು: ಒಂದು ಟ್ಯಾಬಿಗೆ ಇಬ್ಬರು. ಮೂವರಾದರೆ ಮೂರನೆಯವರು ಕಿಟಕಿ ನೋಡುತ್ತಾರೆ. ಹಾಗಾಗಿ 28ರಲ್ಲಿ ಒಮ್ಮೆಗೆ 10 ಮಕ್ಕಳು ಟ್ಯಾಬಿನಲ್ಲಿ, 9 ಮಕ್ಕಳು ನೆಲದ ಕಾರ್ಡಿನಲ್ಲಿ, 9 ಮಕ್ಕಳು ಕಾಗದದಲ್ಲಿ. 80 ನಿಮಿಷದಲ್ಲಿ ಮೊದಲ 5 ನಿಮಿಷ ಹೇಳುವುದಕ್ಕೆ, ಆಮೇಲೆ 23 ನಿಮಿಷದ ಮೂರು ಸರದಿ, ಉಳಿದ 6 ನಿಮಿಷ ಬದಲಾಗುವುದಕ್ಕೆ ಮತ್ತು ಟ್ಯಾಬ್ ಒಳಗಿಡುವುದಕ್ಕೆ. ನಲಿಕಲಿಯ ತಟ್ಟೆಗಳಿಗೆ (ಗುಂಪುಗುಂಪಾಗಿ ಕೂತು ಕಲಿಯುವ ಕ್ರಮಕ್ಕೆ) ಹೊಂದಿಕೊಂಡ ಮಕ್ಕಳಿಗೆ ಇದು ಹೊಸದೇನಲ್ಲ. 40 ನಿಮಿಷದ ಒಂದೇ ಪಿರಿಯಡ್ ಇದ್ದವರು ಮಾತ್ರ ಮೂರು ಸರದಿ ಮಾಡಬೇಡಿ, 12 ನಿಮಿಷದಲ್ಲಿ ಮಕ್ಕಳು ಟ್ಯಾಬ್ ತೆರೆಯುವಷ್ಟರಲ್ಲಿ ಎದ್ದೇಳಬೇಕಾಗುತ್ತದೆ. ಅಂಥವರು ವಾರಕ್ಕೊಂದು ಗುಂಪಿಗೆ ಟ್ಯಾಬ್ ಕೊಡಿ.

ಜೋಡಿಯಲ್ಲಿ ಒಬ್ಬರು ಡ್ರೈವರ್, ಒಬ್ಬರು ಕಂಡಕ್ಟರ್. ಡ್ರೈವರ್ ಮಾತ್ರ ಪರದೆ ಮುಟ್ಟಬೇಕು. ಕಂಡಕ್ಟರ್ ಎಲ್ಲಿಗೆ ಹೋಗಬೇಕು, ಯಾವ ಬ್ಲಾಕ್, ಎಷ್ಟು ಅಂತ ಬಾಯಲ್ಲಿ ಹೇಳಬೇಕು, ಕೈ ಹಾಕುವಂತಿಲ್ಲ. 10 ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಅದಲುಬದಲು ಮಾಡಿಸಿ. ಗಂಟೆ ಇಲ್ಲದಿದ್ದರೆ ಜೋರಿರುವ ಮಗುವೇ ಕೊನೆವರೆಗೂ ಡ್ರೈವರ್ ಆಗಿರುತ್ತದೆ, ಹೆಚ್ಚಿನ ಕಡೆ ಅದು ಗಂಡು ಹುಡುಗ. ಶಿಕ್ಷಕರೂ ಪರದೆ ಮುಟ್ಟಬಾರದು. ನಾವು ಒಂದು ಸಲ ಸರಿಮಾಡಿ ಕೊಟ್ಟರೆ ಮುಂದೆ ಪ್ರತಿ ತಪ್ಪಿಗೂ ಟ್ಯಾಬ್ ಎತ್ತಿಕೊಂಡು ನಮ್ಮ ಹತ್ತಿರ ಬರುತ್ತಾರೆ.

ಕಲಿಸುವ ಕ್ರಮ. ಟ್ಯಾಬಿನ ಮೊದಲ ದಿನ ಮೂರೇ ಬ್ಲಾಕ್: ಹಸಿರು ಬಾವುಟ, ಬಲಬಾಣ, ಕೆಂಪು ಮುಕ್ತಾಯ. ಮೇಲಿರುವ ಚೌಕಳಿ ಗುಂಡಿ ಒತ್ತಿದರೆ ಮನೆಗಳು ಕಾಣುತ್ತವೆ, ಅಡ್ಡಕ್ಕೆ 20, ಉದ್ದಕ್ಕೆ 15, ಅಂಚಿನಲ್ಲಿ ಅಂಕಿ ಸಮೇತ. ಬೆಕ್ಕನ್ನು 3ನೇ ಮನೆಯಲ್ಲಿ ನಿಲ್ಲಿಸಿ "9ನೇ ಮನೆಗೆ ಕಳಿಸಿ" ಎನ್ನಿ. ಬಾವುಟ ಒತ್ತುವ ಮೊದಲು ಇಬ್ಬರೂ ಉತ್ತರವನ್ನು ಪಾಟಿಯ ಮೇಲೆ ಬರೆಯಬೇಕು. ಅರ್ಧ ಮಕ್ಕಳು 7 ಬರೆಯುತ್ತಾರೆ, ನಿಂತ ಮನೆಯನ್ನೂ ಎಣಿಸುತ್ತಾರೆ. ಹೇಳಿಕೊಡಬೇಡಿ. ಬೆಕ್ಕು 10ನೇ ಮನೆಯಲ್ಲಿ ನಿಂತಾಗ ತಾವೇ ಎಣಿಸಿ ನೋಡುತ್ತಾರೆ. ಪಾಟಿಯ ಮೇಲೆ ಬರೆಸುವ ಈ ಒಂದು ಅಭ್ಯಾಸವನ್ನು ಹತ್ತೂ ವಾರ ಬಿಡಬೇಡಿ. ಆಟ ಆಗಬಾರದು ಎಂದಿರಲ್ಲ ಟೀಚರ್, ಪಾಟಿ ಇದ್ದರೆ ಅದು ಲೆಕ್ಕದ ಪಿರಿಯಡ್, ಇಲ್ಲದಿದ್ದರೆ ಆಟ.

ಎರಡನೇ ದಿನ ನಾಲ್ಕೂ ದಿಕ್ಕು, ಜಿಗಿಯುವುದು, ಮೂಲ ಜಾಗಕ್ಕೆ ಮರಳುವುದು. ಮೂರನೇ ದಿನ ಕಾಯುವ ಬ್ಲಾಕ್ ಮತ್ತು ವೇಗ. ಕಾಯುವ ಬ್ಲಾಕಿನಲ್ಲಿ 10 ಅಂದರೆ ಒಂದು ಸೆಕೆಂಡ್, 10 ಸೆಕೆಂಡ್ ಅಲ್ಲ. ತಿರುಗುವ ಬ್ಲಾಕಿನಲ್ಲಿ 12 ಅಂದರೆ ಪೂರ್ತಿ ಒಂದು ಸುತ್ತು, ಗಡಿಯಾರದ ಹಾಗೆ. 3 ಹಾಕಿದರೆ ಕಾಲು ಸುತ್ತು. ಗೋಡೆ ಗಡಿಯಾರ ತೋರಿಸಿ ಹೇಳಿದರೆ ಸಾಕು. ನಾಲ್ಕನೇ ದಿನ ಮರುಕಳಿಸುವ ಕಿತ್ತಳೆ ಬ್ಲಾಕ್. ಐದನೇ ದಿನ ಒಂದೇ ಬೆಕ್ಕಿಗೆ ಎರಡು ಸಾಲು. ಎರಡಕ್ಕೂ ತಲೆಗೆ ಹಸಿರು ಬಾವುಟ ಇದ್ದರೆ ಎರಡೂ ಒಟ್ಟಿಗೇ ಓಡುತ್ತವೆ. ಒಂದರಲ್ಲಿ ಬಲಕ್ಕೆ 6, ಇನ್ನೊಂದರಲ್ಲಿ ಮೇಲಕ್ಕೆ 6 ಹಾಕಿಸಿ, ಬೆಕ್ಕು ಓರೆಯಾಗಿ ಏರುತ್ತದೆ. ಅದೇ ಬ್ಲಾಕುಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ಮೊದಲು ಬಲಕ್ಕೆ, ಆಮೇಲೆ ಮೇಲಕ್ಕೆ. ಇದು ಈ ಆಪಿನ ಅತಿ ಸೊಗಸಾದ ಪಾಠ, ಇದಕ್ಕೆ ಒಂದು ಪೂರ್ತಿ ಶನಿವಾರ ಕೊಡಿ.

ಉಳಿದ ಮೂರು ವಾರ ಒಂದೇ ಕೆಲಸ: ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು. ಒಂದು ಪ್ರಾಜೆಕ್ಟಿನಲ್ಲಿ ನಾಲ್ಕೇ ಪುಟ, ಹಾಗಾಗಿ ನಾಲ್ಕು ನಿಲ್ದಾಣ: ಹೊಸೂರು, ಉಣಕಲ್ ಕೆರೆ, ನವನಗರ, ಧಾರವಾಡದ ಜುಬಿಲಿ ಸರ್ಕಲ್. ಬಸ್ಸನ್ನು ಮಕ್ಕಳೇ ಬಣ್ಣದ ಕುಂಚದಲ್ಲಿ ಬರೆಯಲಿ. ಬಸ್ಸು ಎಡದಿಂದ ಬಂದು ನಡುವೆ ನಿಲ್ಲಬೇಕು, 20 ಕಾಯಬೇಕು, ನಿಲ್ದಾಣದ ಹೆಸರನ್ನು ಮಕ್ಕಳ ಧ್ವನಿಯಲ್ಲಿ ಕೂಗಬೇಕು, ಮುಂದೆ ಹೋಗಿ ಪುಟ ಬದಲಾಗಬೇಕು. ಪುಟಕ್ಕೆ ಹೋಗುವ ಬ್ಲಾಕ್ ಕೆಂಪು ಗುಂಪಿನಲ್ಲಿರುತ್ತದೆ, ಆದರೆ ಎರಡನೇ ಪುಟ ಸೇರಿಸುವ ತನಕ ಅದು ಕಾಣುವುದೇ ಇಲ್ಲ. "ಆ ಟ್ಯಾಬಿನಲ್ಲಿದೆ, ಈ ಟ್ಯಾಬಿನಲ್ಲಿಲ್ಲ" ಎಂಬ ಗಲಾಟೆಗೆ ಇದೇ ಕಾರಣ. ಧ್ವನಿ ರೆಕಾರ್ಡ್ ಮಾಡುವಾಗ ಜೋಡಿಯನ್ನು ವರಾಂಡಕ್ಕೆ ಕಳಿಸಿ, ಒಳಗೆ 26 ಮಕ್ಕಳ ಗದ್ದಲವೇ ದಾಖಲಾಗುತ್ತದೆ.

ಗದಗಿನ ಮಕ್ಕಳಿಗೆ ಚಿಗರಿ ಪರಿಚಯ ಇರದಿದ್ದರೆ ಬೆಟಗೇರಿಯಿಂದ ಲಕ್ಕುಂಡಿಗೆ ಹೋಗುವ ಕೆಂಪು ಬಸ್ಸೇ ಇರಲಿ.

ಕಪ್ಪತಗುಡ್ಡದ ಗಾಳಿ

ತುಂಬಾ ಉಪಕಾರ ಆಯಿತು. ಟ್ಯಾಬ್ ಇಟ್ಟುಕೊಂಡು ಬರೆದದ್ದನ್ನೆಲ್ಲ ಮಾಡಿ ನೋಡುತ್ತಿದ್ದೇನೆ. ಮೂರು ಸಂಶಯ. 1ನೇ ಮನೆಯಿಂದ ಬಲಕ್ಕೆ 20 ಹಾಕಿದರೆ ಬಸ್ಸು ಕೊನೆಯಲ್ಲಿ ನಿಲ್ಲದೆ ಎಡಗಡೆಯಿಂದ ಮತ್ತೆ ಒಳಗೆ ಬರುತ್ತದೆ, ಇದು ದೋಷವೇ? ಬಸ್ಸನ್ನು ಬೆರಳಿನಿಂದ ಸರಿಸಿದ ಮೇಲೆ ಮೂಲ ಜಾಗಕ್ಕೆ ಮರಳುವ ಬ್ಲಾಕ್ ಬೇರೆ ಕಡೆಗೆ ಒಯ್ಯುತ್ತದೆ. ಮತ್ತೆ, 5ನೇ ತರಗತಿಯವರಿಗೆ ಆ ವಿಂಡೋಸ್ 7 ಲ್ಯಾಪ್‌ಟಾಪಿನಲ್ಲಿ ಏನಾದರೂ ಆದೀತೇ?

ಚಿಗರಿ ಕಂಡಕ್ಟರ್

ದೋಷ ಅಲ್ಲ ಟೀಚರ್. ಆ ಆಪಿನಲ್ಲಿ ಅಂಚಿಗೆ ಗೋಡೆ ಇಲ್ಲ, ಬಲಕ್ಕೆ ಹೊರಗೆ ಹೋದದ್ದು ಎಡದಿಂದ ಒಳಗೆ ಬರುತ್ತದೆ. 20 ಮನೆಯಲ್ಲಿ ಮೊದಲನೆಯದರಿಂದ ಕೊನೆಯದಕ್ಕೆ 19 ಹೆಜ್ಜೆ. ಇದನ್ನೇ ಲೆಕ್ಕವಾಗಿ ಕೊಡಿ: 20 ಕಂಬ ನೆಟ್ಟರೆ ನಡುವೆ ಎಷ್ಟು ಸಂದು?

ಎರಡನೆಯದು: ಬೆರಳಿನಿಂದ ಎಳೆದು ಬಿಟ್ಟ ಜಾಗವೇ ಹೊಸ ಮೂಲ ಜಾಗ ಆಗುತ್ತದೆ. ಪ್ರೋಗ್ರಾಂ ನಡೆದು ಬಸ್ಸು ಬೇರೆ ಕಡೆ ನಿಂತಿದ್ದರೆ ಬೆರಳಿನಿಂದ ಹಿಂದಕ್ಕೆ ಎಳೆಯಬೇಡಿ, ಮೇಲಿರುವ ಮರುಹೊಂದಿಸುವ ಗುಂಡಿ ಒತ್ತಿಸಿ, ಎಲ್ಲ ಚಿತ್ರಗಳೂ ಮೊದಲಿನ ಜಾಗಕ್ಕೆ ಬರುತ್ತವೆ.

ಇನ್ನೆರಡು ಸಣ್ಣ ಸಂಗತಿ. ಚಿತ್ರವನ್ನು ಬೆರಳಿಟ್ಟು ಒತ್ತಿ ಹಿಡಿದರೆ ಅಳಿಸುವ ಕೆಂಪು ಗುರುತು ಬರುತ್ತದೆ, ಸಣ್ಣ ಮಕ್ಕಳು ಎಳೆಯಲು ಹೋಗಿ ಅದನ್ನೇ ಒತ್ತಿಬಿಡುತ್ತಾರೆ. ಹಿಂದಕ್ಕೆ ಸುತ್ತಿದ ಬಾಣದ ಗುಂಡಿ ಒತ್ತಿದರೆ ಮರಳಿ ಬರುತ್ತದೆ, ಇದನ್ನು ಮೊದಲ ದಿನವೇ ತೋರಿಸಿ. ಇನ್ನು, ಬೇಡವಾದ ಬ್ಲಾಕನ್ನು ತೆಗೆಯಲು ಅದನ್ನು ಮೇಲಿನ ಬ್ಲಾಕ್ ಪಟ್ಟಿಗೆ ಎಳೆದು ಬಿಡಬೇಕು. ನಡುವಿನ ಬ್ಲಾಕ್ ಎಳೆದರೆ ಅದರ ಬಲಕ್ಕಿರುವ ಎಲ್ಲವೂ ಜೊತೆಗೇ ಹೋಗುತ್ತವೆ. ಒಂದೇ ಬೇಕಾದರೆ ಮೊದಲು ಬಲಗಡೆಯ ಸಾಲನ್ನು ಬಿಡಿಸಿ ಪಕ್ಕಕ್ಕಿಡಬೇಕು.

ರಂಗೋಲಿ ಚುಕ್ಕಿ

ಲ್ಯಾಪ್‌ಟಾಪಿನದು ನಾನು ಹೇಳುತ್ತೇನೆ. ಈಗಿನ ಸ್ಕ್ರ್ಯಾಚ್ 3 ಬಂದದ್ದು 2019ರ ಜನವರಿಯಲ್ಲಿ, ಅದರ ಆಫ್‌ಲೈನ್ ಆವೃತ್ತಿಗೆ ವಿಂಡೋಸ್ 10 ಅಥವಾ ಮುಂದಿನದು ಬೇಕು. ವಿಂಡೋಸ್ 7ರಲ್ಲೇ ಇರಬೇಕೆಂದರೆ ಹಳೆಯ ಸ್ಕ್ರ್ಯಾಚ್ 1.4 ಹಾಕಿ. ಅದು ಹಳೇ ಯಂತ್ರದಲ್ಲಿ ಹಗುರಾಗಿ ಓಡುತ್ತದೆ. 1.4ರಲ್ಲಿ ಮಾಡಿದ್ದನ್ನು ಮುಂದೆ ಸ್ಕ್ರ್ಯಾಚ್ 3ರಲ್ಲಿ ತೆರೆಯಬಹುದು, 3ರಲ್ಲಿ ಮಾಡಿದ್ದು 1.4ರಲ್ಲಿ ತೆರೆಯುವುದಿಲ್ಲ. ಯಾರಾದರೂ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಫೈಲಿನ ಬಾಲದಲ್ಲಿ ಎಸ್‌ಬಿ3 ಎಂದಿದ್ದರೆ ಅದು 3ರದ್ದು, ಬರೀ ಎಸ್‌ಬಿ ಎಂದಿದ್ದರೆ 1.4ರದ್ದು.

ಇಲ್ಲಿ ಬ್ಲಾಕಿನ ಮೇಲೆ ಪದಗಳಿರುತ್ತವೆ, ಇಂಗ್ಲಿಷ್ ಬರುತ್ತದೆ. ಎಲ್ಲ ಪದ ಬೇಡ. ಮೂವ್, ಟರ್ನ್, ರಿಪೀಟ್, ಪೆನ್ ಡೌನ್, ಪೆನ್ ಅಪ್, ಕ್ಲಿಯರ್, ಗೋ ಟು, ಪಾಯಿಂಟ್: ಈ ಎಂಟು ಪದಗಳನ್ನು ಬ್ಲಾಕಿನ ಬಣ್ಣದ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಬರೆದು ಗೋಡೆಗೆ ಹಚ್ಚಿದರೆ ಪರದೆಯ ಮೇಲೆ ಗೆರೆ ಎಳೆಸಿ ರಂಗೋಲಿ ಬಿಡಿಸಲು ಸಾಕು. ಸ್ಕ್ರ್ಯಾಚ್ 3ರಲ್ಲಿ ಕ್ಲಿಯರ್ ಬದಲು ಇರೇಸ್ ಆಲ್ ಎಂದಿರುತ್ತದೆ, ಮತ್ತು ಪೆನ್ ಬ್ಲಾಕುಗಳು ಮೊದಲಿಗೆ ಕಾಣುವುದಿಲ್ಲ, ಎಡಗಡೆ ಕೆಳಮೂಲೆಯ ಎಕ್ಸ್‌ಟೆನ್ಷನ್ ಗುಂಡಿ ಒತ್ತಿ ಸೇರಿಸಿಕೊಳ್ಳಬೇಕು. 1.4ರಲ್ಲಿ ಅವು ಮೊದಲೇ ಇರುತ್ತವೆ.

ಚೌಕ: ಪೆನ್ ಡೌನ್, ರಿಪೀಟ್ 4, ಒಳಗೆ ಮೂವ್ 100, ಟರ್ನ್ 90. ಇದು ಎಲ್ಲರಿಗೂ ಬರುತ್ತದೆ. ಎಡವುವುದು ತ್ರಿಕೋನದಲ್ಲಿ. ಪುಸ್ತಕದಲ್ಲಿ ಸಮಬಾಹು ತ್ರಿಕೋನದ ಕೋನ 60 ಎಂದಿದೆ, ಹಾಗಾಗಿ ರಿಪೀಟ್ 3, ಟರ್ನ್ 60 ಹಾಕುತ್ತಾರೆ. ಬರುವುದು ಅರ್ಧ ಷಟ್ಕೋನ. ಯಾಕೆಂದರೆ ತಿರುಗಬೇಕಾದದ್ದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು: 180ರಲ್ಲಿ 60 ಕಳೆದರೆ 120. ಇದನ್ನು ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ. ಅಂಗಳದಲ್ಲಿ ಸುಣ್ಣದ ತ್ರಿಕೋನ ಬರೆದು ಅದರ ಮೇಲೆ ಒಂದು ಮಗುವನ್ನು ನಡೆಸಿ. ಮೂಲೆಗೆ ಬಂದಾಗ "ನೀನು ನೇರ ಹೋಗುತ್ತಿದ್ದ ದಾರಿಯನ್ನು ಮುಂದಕ್ಕೂ ಎಳೆ" ಎಂದು ಚುಕ್ಕಿ ಗೆರೆ ಹಾಕಿಸಿ, ಆ ಗೆರೆಯಿಂದ ಹೊಸ ದಾರಿಗೆ ಎಷ್ಟು ತಿರುಗಿತು ಎಂದು ದೊಡ್ಡ ಕೋನಮಾಪಕದಲ್ಲಿ ಅಳೆಸಿ. ಒಂದು ಸುತ್ತು ಮುಗಿಸಿ ಮೊದಲಿನ ದಿಕ್ಕಿಗೇ ಮುಖ ಮಾಡಿ ನಿಂತರೆ ಒಟ್ಟು ತಿರುಗಿದ್ದು 360. ಹಾಗಾಗಿ ಎಷ್ಟು ಬಾಹು ಇದೆಯೋ ಅಷ್ಟರಿಂದ 360 ಭಾಗಿಸಿದರೆ ಆಯಿತು: ಪಂಚಕೋನಕ್ಕೆ 72, ಷಟ್ಕೋನಕ್ಕೆ 60. ಐದು ಮೂಲೆಯ ನಕ್ಷತ್ರಕ್ಕೆ 144, ಯಾಕೆಂದರೆ ಅದು ಸುತ್ತು ಮುಗಿಸುವಷ್ಟರಲ್ಲಿ ಎರಡು ಸಲ ತಿರುಗುತ್ತದೆ, 720 ಭಾಗ 5. 1967ರಲ್ಲಿ ಸೀಮೋರ್ ಪೇಪರ್ಟ್ ಮತ್ತು ಸಂಗಡಿಗರು ಮಾಡಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ, ನಡೆಯುತ್ತ ಗೆರೆ ಎಳೆಯುವ ಆಮೆಯಿಂದ ಬಂದ ಪಾಠ ಇದು. ಮೈಯಿಂದ ನಡೆದು ಕಲಿತ ಕೋನ ಮರೆಯುವುದಿಲ್ಲ.

ಇನ್ನು ರಂಗೋಲಿ. ರಿಪೀಟ್ 6, ಅದರ ಒಳಗೆ ಚೌಕದ ಪೂರ್ತಿ ರಿಪೀಟ್ 4 (ಮೂವ್ 60, ಟರ್ನ್ 90), ಒಳಗಿನ ರಿಪೀಟ್ ಮುಗಿದ ಮೇಲೆ ಟರ್ನ್ 60. ಆರು ದಳದ ಹೂವು ಬರುತ್ತದೆ. ಆ ಟರ್ನ್ 60 ಒಳಗಿನ ರಿಪೀಟಿನೊಳಗೆ ಸೇರಿಕೊಂಡರೆ ಹೂವು ಕೆಡುತ್ತದೆ, ಏಲಕ್ಕಿ ಹಾರದವರು ಹೇಳಿದ ಸೇವಂತಿಗೆಯ ತಪ್ಪೇ ಇದು. 12 ದಳ ಬೇಕೆಂದರೆ ಎರಡು ಅಂಕಿ ಬದಲಿಸಬೇಕು, 12 ಮತ್ತು 30. ಒಂದನ್ನೇ ಬದಲಿಸಿದರೆ ಏನಾಗುತ್ತದೆ ಎಂದು ಮೊದಲು ಪಾಟಿಯ ಮೇಲೆ ಬರೆಸಿ. ಅಳತೆ ನೆನಪಿಡಿ: ವೇದಿಕೆ ಅಗಲ 480, ಎತ್ತರ 360, ನಡುಮಧ್ಯ ಸೊನ್ನೆ. ಮೂವ್ 200 ಹಾಕಿದರೆ ಚಿತ್ರ ಅಂಚಿಗೆ ಬಡಿದು ಅಲ್ಲೇ ಸಿಕ್ಕಿಕೊಂಡು ರಂಗೋಲಿ ಸೊಟ್ಟಗಾಗುತ್ತದೆ. ಪ್ರತಿ ಸಲ ಶುರುವಿನಲ್ಲಿ ಕ್ಲಿಯರ್, ಪೆನ್ ಅಪ್, ಗೋ ಟು 0, 0, ಪಾಯಿಂಟ್ 90 ಹಾಕಿಸಿ, ಆಮೇಲೆ ಪೆನ್ ಡೌನ್. ಪೆನ್ ಅಪ್ ಮರೆತರೆ ನಡುವಿಗೆ ಬರುವಾಗ ಒಂದು ಬೇಡದ ಗೆರೆ ಎಳೆದುಕೊಂಡೇ ಬರುತ್ತದೆ.

ಕರೆಂಟಿನ ಮಾತು: ಆಫ್‌ಲೈನ್ ಸ್ಕ್ರ್ಯಾಚ್ ತಾನಾಗಿ ಉಳಿಸಿಕೊಳ್ಳುವುದಿಲ್ಲ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದ ಕ್ಷಣವೇ ಎಲ್ಲ ಹೋಗುತ್ತದೆ. 10 ನಿಮಿಷಕ್ಕೊಮ್ಮೆ ಡ್ರೈವರ್ ಬದಲಾಗುವ ಗಂಟೆ ಹೊಡೆದಾಗಲೇ ಸೇವ್ ಮಾಡಿಸಿ, ಎರಡು ನೆನಪು ಒಂದಕ್ಕೇ ಕಟ್ಟಿದಂತೆ.

ಬ್ಯಾಡಗಿ ಡಬ್ಬಿ

ಕಲಿಸೋರಿಗೆ ಅಡ್ಡ ಮಾತಾಡಬೇಕು ಅಂತಲ್ಲ, ಒಂದು ಪ್ರಶ್ನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆ ಅಂದದ್ದು ಮಾಧ್ಯಮಿಕ ಹಂತಕ್ಕೆ, ಅಂದ್ರ 6ನೇತ್ತೆಯಿಂದ. 3ನೇತ್ತೆ ಹುಡುಗರು ಇನ್ನೂ ಮಗ್ಗಿ, ಓದು ಸರಿಯಾಗಿ ಕಲಿತಿರೂದಿಲ್ಲ. ಆ 80 ನಿಮಿಷ ಅದಕ್ಕೇ ಕೊಟ್ಟರ ಚಲೋ ಅಲ್ಲೇನ್ರಿ? ಊರೂರಿಗೆ ಬಂದು ಸಾವಿರಗಟ್ಟಲೆ ಫೀ ಇಸ್ಕೊಂಡು ಸಣ್ಣ ಹುಡುಗರಿಗೆ ಕೋಡಿಂಗ್ ಅನ್ನೋರನ್ನ ನೋಡಿದ್ರ ಪಾಲಕರೂ ಅಂಜತಾರ.

ಚಿಗರಿ ಕಂಡಕ್ಟರ್

ಸರ್, ಫೀ ಕೊಡುವ ತರಗತಿಯ ಬಗ್ಗೆ ನಿಮ್ಮ ಮಾತೇ ನನ್ನದೂ. ಇಲ್ಲಿ ಹೇಳಿದ ಯಾವುದಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ, ಪಾಲಕರಿಗೆ ಅದನ್ನೇ ಹೇಳಿ. ಮಗ್ಗಿ, ಓದು ಬಿಟ್ಟು ಇದು ಬೇಡ, ಅದೂ ಸರಿ. ಆದರೆ 3ನೇ ಮನೆಯಿಂದ 9ನೇ ಮನೆಗೆ ಎಷ್ಟು ಹೆಜ್ಜೆ ಎಂಬುದು ವ್ಯವಕಲನವೇ, 3 ಹೂವಿನ ಗುಂಪು 5 ಸಲ ಎಂಬುದು ಮೂರರ ಮಗ್ಗಿಯೇ. ಆ ಲೆಕ್ಕ ತಪ್ಪಿದರೆ ಬಸ್ಸು ತಪ್ಪು ಜಾಗದಲ್ಲಿ ನಿಲ್ಲುತ್ತದೆ, ಮಗು ತಾನೇ ತಿದ್ದುತ್ತದೆ, ಕೆಂಪು ಪೆನ್ನು ಬೇಕಾಗುವುದಿಲ್ಲ. ಓದಿಗೆ ಬೇಕೆಂದರೆ ಮಾತಿನ ಬ್ಲಾಕಿನಲ್ಲಿ ಕನ್ನಡದ ಎರಡು ವಾಕ್ಯ ಬರೆಸಿ, ಪಕ್ಕದ ಜೋಡಿ ಅದನ್ನು ಗಟ್ಟಿಯಾಗಿ ಓದಲಿ. ಓದು ತೀರಾ ಹಿಂದಿರುವ ಮಕ್ಕಳನ್ನು ಆ ಹೊತ್ತಿನಲ್ಲಿ ಬೇರೆ ಕೂಡಿಸಬೇಕೋ ಬೇಡವೋ ಎಂಬುದನ್ನು ತರಗತಿಯ ಟೀಚರೇ ನಿರ್ಧರಿಸಬೇಕು, ಅದರಲ್ಲಿ ನಿಮ್ಮ ಎಚ್ಚರಿಕೆ ಬೇಕಾದದ್ದೇ.

ಕಪ್ಪತಗುಡ್ಡದ ಗಾಳಿ

ಕೊನೆಯ ಪ್ರಶ್ನೆ. ಕಾಗದದ ಗುಂಪಿನ 9 ಮಕ್ಕಳಿಗೆ 23 ನಿಮಿಷ ಏನು ಕೊಡಬೇಕು? ಬರೀ ಬಣ್ಣ ಹಚ್ಚಿಸಿದರೆ ಅದು ಕಾಯುವ ಕೆಲಸ ಆಗಿಬಿಡುತ್ತದೆ.

ಏಲಕ್ಕಿ ಹಾರ

ತಪ್ಪಿದ್ದ ಸಾಲು ಕೊಡ್ರಿ ಅಕ್ಕೋರ. ಚೌಕಳಿ ಹಾಳಿಮ್ಯಾಗ ಬೆಕ್ಕು ಎಲ್ಲೈತಿ, ಎಲ್ಲಿ ಮುಟ್ಟಬೇಕು ಅಂತ ಗುರತು ಮಾಡ್ರಿ. ಕೆಳಗ 5 ಬ್ಲಾಕಿನ ಚಿತ್ರ ಬರದು ಅದರಾಗ ಒಂದೇ ತಪ್ಪು ಇಡ್ರಿ. ಪೆನ್ಸಿಲಿಲೆ ಬೆಕ್ಕಿನ ದಾರಿ ಎಳೀಬೇಕು, ಎಲ್ಲಿ ತಪ್ಪಿತು ಅಲ್ಲಿ ಸುತ್ತು ಹಾಕಬೇಕು, ಸರಿಯಾದ ಬ್ಲಾಕ್ ಬರೀಬೇಕು. ಒಂದು ಸರದಿಗೆ ಒಬ್ಬರಿಗೆ 4 ಹಾಳಿ ಸಾಕು.

ತಪ್ಪನ್ನ ಈ ಕ್ರಮದಾಗ ಇಡ್ರಿ: ಮೊದಲನೇದರಾಗ ಅಂಕಿ ಒಂದು ಹೆಚ್ಚು, ಎರಡನೇದರಾಗ ಎಡಬಲ ಅದಲುಬದಲು, ಮೂರನೇದರಾಗ ಒಂದು ಬ್ಲಾಕ್ ಕಿತ್ತಳಿ ಉಂಗುರದ ಹೊರಗ, ನಾಲ್ಕನೇದರಾಗ ಹಸಿರು ಬಾವುಟನೇ ಇಲ್ಲ. ಈ ನಾಲ್ಕನೇದು ಹುಡುಗರಿಗೆ ಭಾಳ ತಡಾ ಆಗಿ ಸಿಗತೈತಿ. ದಾರಿ ಎಲ್ಲಾ ಸರಿ ಐತಿ, ಆದ್ರ ಬೆಕ್ಕು ಅಲ್ಲಾಡೂದಿಲ್ಲ. ಟ್ಯಾಬಿನ್ಯಾಗೂ ಇದೇ ಆಗತೈತಿ: ಬ್ಲಾಕಿನ ಮ್ಯಾಗ ಬೆರಳು ಒತ್ತಿದ್ರ ಆ ಸಾಲು ನಡೀತೈತಿ, ಹಿಂಗಾಗಿ ಸರಿ ಐತಿ ಅಂತ ಬಿಡತಾರ. ಆಮ್ಯಾಲೆ ಎಲ್ಲಾರ ಮುಂದ ಮ್ಯಾಲಿನ ಬಾವುಟ ಒತ್ತಿದಾಗ ಬಸ್ ನಿಂತಲ್ಲೇ ನಿಂತಿರತೈತಿ. ಕಾಗದದಾಗ ಒಮ್ಮೆ ಹಿಡದ ಹುಡುಗ ಅಲ್ಲಿ ಗಾಬರಿ ಆಗೂದಿಲ್ಲ, ಸಾಲಿನ ತಲಿ ಕಡೆ ಮೊದಲು ನೋಡತಾನ.

ಆ ಹಾಳಿ ಒಗೀಬ್ಯಾಡ್ರಿ, ಹೆಸರು ಬರಸಿ ಇಟ್ಕೊಳ್ರಿ. ಎರಡನೇ ಶನಿವಾರದ್ದು, ಒಂಬತ್ತನೇ ಶನಿವಾರದ್ದು ಬಾಜೂಕ ಬಾಜೂಕ ಇಟ್ಟು ನೋಡಿದ್ರ ಯಾರಿಗೆ ಹತ್ತೈತಿ, ಯಾರಿಗೆ ಇನ್ನೊಮ್ಮೆ ನೆಲದ ಆಟ ಬೇಕು ಅನ್ನೂದು ಗೊತ್ತಾಗತೈತಿ.